ಗದ್ದ ಸ್ವಲ್ಪ ಮೇಲೆ, ಅಣ್ಣಾ!
ನಮ್ಮ ವಾರ್ಡಿನ ನಾಯಕರ ಫೋಟೋ ತೆಗೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಛಾಯಾಗ್ರಾಹಕರೇ,

ಬಸ್ ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ಅಣ್ಣನ ಹುಟ್ಟುಹಬ್ಬದ ಫ್ಲೆಕ್ಸ್ ಎದ್ದಿದೆ. ಅಣ್ಣ ಎಂದು ನಾನೂ ಕರೆಯುತ್ತೇನೆ, ವಯಸ್ಸಿನಲ್ಲಿ ಅವರು ನನಗಿಂತ ಚಿಕ್ಕವರಾದರೂ. ಹಾಗೆ ಕರೆಯದಿರುವುದು ಈ ಊರಿನಲ್ಲಿ ಅಷ್ಟು ಕ್ಷೇಮವಲ್ಲ. ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೊಂದು ಶಲ್ಯ, ಹಿಂದೆ ನೀಲಿ ಆಕಾಶ. ಒಂದು ಮೋಡ ಅವರ ಭುಜದ ಹತ್ತಿರ ಬಂದು, ಮುಂದೆ ಹೋಗಲೋ ಬೇಡವೋ ಎಂದು ಅಪ್ಪಣೆಗೆ ಕಾದು ನಿಂತಿದೆ. ಎದುರಿಗೆ ಸಿಕ್ಕಾಗ ಅಣ್ಣ ನನ್ನ ಕಿವಿಯ ಮಟ್ಟಕ್ಕೆ ಬರುತ್ತಾರೆ, ನಾನಾದರೂ ಏನು ಎತ್ತರದ ಆಳಲ್ಲ. ದೇವರು ಇಷ್ಟು ವರ್ಷ ಕೈಚೆಲ್ಲಿ ಕೂತಿದ್ದ ಕೆಲಸವನ್ನು ನೀವು ಒಂದೇ ಬೆಳಿಗ್ಗೆ ಮುಗಿಸಿದ್ದೀರಿ. ಅಭಿನಂದನೆ.

ಫ್ಲೆಕ್ಸಿನ ತಳದಲ್ಲಿ ಶುಭ ಕೋರುವವರ ತಲೆಗಳು ಸಾಲಾಗಿವೆ. ಪ್ರಿಂಟ್ ಹಾಕಿದ ಅಂಗಡಿಯ ಮೊಬೈಲ್ ನಂಬರ್ ಇದೆ. ನಿಮ್ಮ ಹೆಸರು ಮಾತ್ರ ಎಲ್ಲೂ ಇಲ್ಲ. ಅದಕ್ಕೇ ಈ ಪತ್ರವನ್ನು ಊರೆಲ್ಲ ಓದುವಂತೆ ಬರೆಯಬೇಕಾಯಿತು. ಯಾರಿಗೆ ತಲುಪಬೇಕೋ ತಲುಪಲಿ.

ಆ ಫೋಟೋ ತೆಗೆದ ದಿನ ನಾನು ಅಲ್ಲೇ ಇದ್ದೆ. ನಮ್ಮ ಬೀದಿಯ ಚರಂಡಿ ಕಾಮಗಾರಿಗೆ ಗುದ್ದಲಿ ಪೂಜೆ ನಡೆದಿತ್ತು. (ಇದೇ ಚರಂಡಿಗೆ ಹಿಂದೆಯೂ ಒಮ್ಮೆ ಪೂಜೆ ಆಗಿದೆ. ಆಗ ಅಣ್ಣ ಬೇರೆ, ಚರಂಡಿ ಇದೇ.) ಹೊಸ ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಸುತ್ತಿಟ್ಟಿದ್ದರು. ನೀವು ಬಂದವರೇ ಎಳನೀರಿನವನ ಹತ್ತಿರ ಒಂದು ಗೋಣಿಚೀಲ ಇಸಿದುಕೊಂಡು ಚರಂಡಿಯ ಕಲ್ಲುಚಪ್ಪಡಿಯ ಮೇಲೆ ಹಾಸಿದಿರಿ. ಹೊಟ್ಟೆ ಅಡಿ ಮಾಡಿ ಮಲಗಿದಿರಿ. ಎರಡು ಮೊಣಕೈ ಊರಿ, ಕ್ಯಾಮೆರಾವನ್ನು ನೆಲಕ್ಕೆ ತಾಗುವಷ್ಟು ಇಳಿಸಿ, ಕತ್ತು ಓರೆ ಮಾಡಿ ಕೂಗಿದಿರಿ: "ಅಣ್ಣಾ, ಒಂದ್ ಹೆಜ್ಜೆ ಮುಂದೆ. ಗದ್ದ ಸ್ವಲ್ಪ ಮೇಲೆ. ನನ್ನ ನೋಡ್ಬೇಡಿ, ದೂರ ನೋಡಿ. ಇನ್ನೂ ದೂರ." ಅಣ್ಣ ದೂರ ನೋಡಿದರು. ಅಷ್ಟು ದೂರದಲ್ಲಿ ನಮ್ಮ ಭವಿಷ್ಯವೇನಾದರೂ ಕಾಣುತ್ತಿದೆಯೋ ಎಂದು ನಾವೂ ತಿರುಗಿ ನೋಡಿದೆವು. ನೀರಿನ ಟ್ಯಾಂಕ್ ಇತ್ತು. ಬೀದಿನಾಯಿಯೊಂದು ಬಂದು ನಿಮ್ಮ ಪಾದ ಮೂಸಿ, ಏನೂ ಗಿಟ್ಟುವುದಿಲ್ಲವೆಂದು ಖಾತ್ರಿಯಾದ ಮೇಲೆ ಹೊರಟುಹೋಯಿತು. ನೀವು ಕದಲಲಿಲ್ಲ. ಮೂಗಿನಿಂದ ಅರ್ಧ ಅಡಿ ಕೆಳಗೆ ಚರಂಡಿಯ ನೀರು. ಪೂಜೆಗೆ ಸೇರಿದ್ದ ಅಷ್ಟು ಜನರಲ್ಲಿ ಆ ಚರಂಡಿಯನ್ನು ಅಷ್ಟು ಹತ್ತಿರದಿಂದ ಕಂಡವರು ನೀವೊಬ್ಬರೇ.

ಇಷ್ಟಾಗಿಯೂ ಫ್ಲೆಕ್ಸಿನಲ್ಲಿ ಚರಂಡಿ ಇಲ್ಲ! ಸರ್ಕಲ್ಲಿನಲ್ಲಿ ನಿಂತು ನಾನು ಹುಡುಕಿದೆ. ಚರಂಡಿ ಇಲ್ಲ, ಅದರ ಪಕ್ಕದ ತಿಪ್ಪೆ ಇಲ್ಲ, ವಾಲಿದ ಕರೆಂಟು ಕಂಬವಿಲ್ಲ, ನಲ್ಲಿಯ ಮುಂದೆ ಸಾಲಿಟ್ಟ ಕೊಡಗಳಿಲ್ಲ, ಕೊಡಗಳ ಹಿಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ ಹೆಂಗಸರೂ ಇಲ್ಲ. ಆಗ ನಿಮ್ಮ ವಿದ್ಯೆಯ ಗುಟ್ಟು ಹೊಳೆಯಿತು. ಲೋ ಆಂಗಲ್ ಎಂದರೆ ಗಿಡ್ಡನನ್ನು ಎತ್ತರ ಮಾಡುವ ಉಪಾಯ ಎಂದು ಜನ ತಿಳಿದಿದ್ದಾರೆ. ಎತ್ತರ ಬರೀ ನೆಪ. ಕ್ಯಾಮೆರಾವನ್ನು ನೆಲಕ್ಕಿಳಿಸಿ ಮೂತಿ ಮೇಲಕ್ಕೆತ್ತಿದರೆ ನೆಲವೇ ಚೌಕಟ್ಟಿನಿಂದ ಜಾರಿಹೋಗುತ್ತದೆ. ಬೀದಿ, ಮನೆ, ಮಂದಿ ಎಲ್ಲ ಗೆರೆಯ ಕೆಳಗೆ ಇಳಿದು ಮಾಯ. ಆಳಿನ ಹಿಂದೆ ಉಳಿಯುವುದು ಆಕಾಶವೊಂದೇ. ಆಕಾಶಕ್ಕೆ ವಾರ್ಡ್ ಇಲ್ಲ, ಒತ್ತುವರಿ ಇಲ್ಲ, ಗುಂಡಿ ಇಲ್ಲ, ಬಾಕಿ ಬಿದ್ದ ಟೆಂಡರ್ ಇಲ್ಲ. ಮದುವೆಯ ಕ್ಯಾಂಡಿಡ್ ಫೋಟೋದವರೂ ಹಿಂದೆ ಗಲೀಜು ಕಂಡರೆ ಹೀಗೇ ಕೂತು ತೆಗೆಯುತ್ತಾರೆ, ನಿಮ್ಮ ಕಸುಬಿನಲ್ಲಿ ಇದು ಮೊದಲ ಪಾಠ. ಆದರೆ ಒಂದು ಇಡೀ ಕ್ಷೇತ್ರವನ್ನೇ ಗಲೀಜೆಂದು ಬಗೆದು ಚೌಕಟ್ಟಿನಿಂದ ತಳ್ಳಿದ ಕೀರ್ತಿ ನಿಮ್ಮದು. ನಗರಸಭೆಯವರು ವರ್ಷಗಟ್ಟಲೆ ಎತ್ತಲಾರದ ಕಸವನ್ನು ನೀವು ಬೆರಳು ಒತ್ತುವಷ್ಟರಲ್ಲಿ ಎತ್ತಿದಿರಿ.

ಆಕಾಶದಲ್ಲೂ ಎರಡು ತಂತಿ ಅಣ್ಣನ ಕಿವಿಗೆ ಅಡ್ಡ ಬಂದಿದ್ದವು, ಅವನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದೀರಿ. ಕೆಳಗಿನಿಂದ ತೆಗೆದರೆ ಮೂಗಿನ ಹೊಳ್ಳೆಗಳು ಎದ್ದು ಕಾಣುವುದು ಈ ಕೋನದ ಹುಟ್ಟುಗುಣ. ಅಲ್ಲೂ ಒರೆಸಿ ತಿದ್ದಿ ಚೊಕ್ಕ ಮಾಡಿದ್ದೀರಿ. ಈ ವರ್ಷ ನಮ್ಮ ವಾರ್ಡಿನಲ್ಲಿ ಪೂರ್ತಿ ಸ್ವಚ್ಛವಾದ ಜಾಗ ಎಂದರೆ ಅವೆರಡೇ.

ನೀವು ಸಣ್ಣಪುಟ್ಟ ಪರಂಪರೆಗೆ ಸೇರಿದವರಲ್ಲ ಎಂದು ತಿಳಿಸುವುದು ನನ್ನ ಕರ್ತವ್ಯ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ 1934ರಲ್ಲಿ ನಡೆದ ನಾಜಿ ಸಮಾವೇಶವನ್ನು ಲೆನಿ ರೀಫೆನ್‌ಸ್ತಾಲ್ ಎಂಬಾಕೆ ಚಿತ್ರೀಕರಿಸಿದರು. 1935ರಲ್ಲಿ ಬಿಡುಗಡೆಯಾದ ಆ ಸಿನಿಮಾದಲ್ಲಿ ಹಿಟ್ಲರ್ ಮತ್ತೆ ಮತ್ತೆ ಕೆಳಗಿನಿಂದ ಕಾಣುತ್ತಾನೆ, ಬೆನ್ನಿಗೆ ಆಕಾಶ. ಜನರನ್ನು ತೆಗೆಯುವಾಗ ಮಾತ್ರ ಕ್ಯಾಮೆರಾ ಮೇಲೇರುತ್ತದೆ. ಅದಕ್ಕೆಂದೇ ಎತ್ತರದ ಬಾವುಟದ ಕಂಬಕ್ಕೆ ಲಿಫ್ಟ್ ಕಟ್ಟಿಸಿದ್ದರು. ಅಲ್ಲಿಂದ ನೋಡಿದರೆ ಲಕ್ಷ ಮನುಷ್ಯರೂ ಗೆರೆ ಎಳೆದಿಟ್ಟ ಚುಕ್ಕಿಗಳು. ನಿಮ್ಮ ತಂಡ ಕಳೆದ ಚುನಾವಣೆಯ ಬಹಿರಂಗ ಸಭೆಯಲ್ಲಿ ಮಾಡಿದ್ದೂ ಇದನ್ನೇ ಅಲ್ಲವೇ? ಅಣ್ಣನನ್ನು ವೇದಿಕೆಯ ಮೆಟ್ಟಿಲ ಬುಡದಿಂದ, ನಮ್ಮನ್ನು ಡ್ರೋನಿನಿಂದ. ಡ್ರೋನ್ ಬಂದಾಗ ನಾವೆಲ್ಲ ತಲೆಯೆತ್ತಿ ಕೈಬೀಸಿದೆವು. ವಿಡಿಯೋದಲ್ಲಿ ನನ್ನ ಬೋಳುತಲೆಯನ್ನು ನಾನೇ ಗುರುತು ಹಿಡಿಯಲಾಗಲಿಲ್ಲ.

1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅದೇ ರೀಫೆನ್‌ಸ್ತಾಲ್ ಜಿಗಿತದ ಅಂಕಣಗಳ ಪಕ್ಕದಲ್ಲಿ ಗುಂಡಿ ತೋಡಿಸಿ ಕ್ಯಾಮೆರಾದವರನ್ನು ಇಳಿಸಿದರು, ಹಾರುವವರು ಆಕಾಶದಲ್ಲಿ ತೇಲುವಂತೆ ಕಾಣಲೆಂದು. ಈ ವಿಷಯದಲ್ಲಿ ನಮ್ಮೂರು ಬರ್ಲಿನ್‌ಗಿಂತ ಮುಂದೆ. ಇಲ್ಲಿ ಯಾರೂ ತೋಡಿಸಬೇಕಾಗಿಲ್ಲ, ಮುಖ್ಯರಸ್ತೆಯ ಉದ್ದಕ್ಕೂ ಸಿದ್ಧ ಗುಂಡಿಗಳಿವೆ, ಅಳತೆಗೆ ತಕ್ಕದ್ದನ್ನು ಆರಿಸಿಕೊಂಡು ಇಳಿದರಾಯಿತು. ಅಣ್ಣನನ್ನು ಆ ಮನುಷ್ಯನಿಗೆ ಹೋಲಿಸುತ್ತಿದ್ದೇನೆಂದು ದಯವಿಟ್ಟು ಚಾಡಿ ಹೇಳಬೇಡಿ. ಪಕ್ಕದ ವಾರ್ಡ್ ಗೆಲ್ಲುವುದೇ ನಮ್ಮಣ್ಣನಿಗೆ ಕಷ್ಟ. ನಾನು ಹೋಲಿಸುತ್ತಿರುವುದು ಕ್ಯಾಮೆರಾದವರನ್ನು. ರೀಫೆನ್‌ಸ್ತಾಲ್ 101 ವರ್ಷ ಬದುಕಿದರು. ತಾನು ಕಲೆಯ ಕೆಲಸವನ್ನಷ್ಟೇ ಮಾಡಿದ್ದು, ರಾಜಕೀಯ ತನಗೆ ಸಂಬಂಧಿಸಿದ್ದಲ್ಲ ಎಂದು ಕೊನೆಯವರೆಗೂ ಹೇಳುತ್ತಿದ್ದರು. "ಲೈಟ್ ಚೆನ್ನಾಗಿತ್ತು ಸಾರ್, ಅಷ್ಟೇ" ಎಂದು ನೀವೂ ಮೊನ್ನೆ ಟೀ ಅಂಗಡಿಯಲ್ಲಿ ಹೇಳಿದಿರಂತೆ.

ತಪ್ಪು ನಿಮ್ಮೊಬ್ಬರದೇ ಎನ್ನಲಾರೆ. ನಮ್ಮ ಸಿನಿಮಾದಲ್ಲಿ ಹೀರೋ ಮೊದಲು ಬೂಟಾಗಿ ಬಂದು ಆಮೇಲೆ ಮನುಷ್ಯನಾಗುತ್ತಾನೆ. ಕಾರಿನ ಬಾಗಿಲು ತೆರೆಯುತ್ತದೆ, ಬೂಟು ನೆಲ ಮೆಟ್ಟುತ್ತದೆ, ದೂಳು ಏಳುತ್ತದೆ, ಎಲ್ಲಿಂದಲೋ ನಾಲ್ಕು ಒಣಗಿದ ಎಲೆ ಹಾರುತ್ತವೆ. ಮುಖ ಕಾಣುವ ಹೊತ್ತಿಗೆ ಶಿಳ್ಳೆ ಹೊಡೆದವರ ಗಂಟಲು ಒಣಗಿರುತ್ತದೆ. 2018ರ 'ಕೆಜಿಎಫ್'ನಲ್ಲಿ ಭುವನ್ ಗೌಡರ ಕ್ಯಾಮೆರಾ ಹಾಗೆ ನೋಡುವುದಕ್ಕೆ ಕಾರಣವಾದರೂ ಇದೆ: ಅಲ್ಲಿ ಗಣಿಯ ನೆಲದ ಮೇಲೆ ಕುಸಿದು ಕೂತ ಜೀತದವರಿದ್ದಾರೆ, ಅವರ ಕಣ್ಣಿಗೆ ಆತ ಹಾಗೆ ಕಂಡಾನು. ನಮ್ಮ ಬೀದಿಯಲ್ಲಿ ಕುಸಿದು ಕೂತವರು ಯಾರೂ ಇರಲಿಲ್ಲ, ಕುರ್ಚಿ ಹಾಕಿಸಿದ್ದರು. ಇನ್ನು ಊರಿನ ಹಳೆಯ ಟಾಕೀಸಿನಲ್ಲಿ ಗಾಂಧಿ ಕ್ಲಾಸಿನಲ್ಲಿ ಕೂತು ಬೆಳೆದ ನಮ್ಮಂಥವರ ಕಥೆ ಬೇರೆ. ಪರದೆಯ ಬುಡದಲ್ಲಿ ಕತ್ತು ಹಿಂದಕ್ಕೆ ಚೆಲ್ಲಿ ಕೂತವನಿಗೆ ಎಲ್ಲಾ ಶಾಟೂ ಲೋ ಆಂಗಲ್ಲೇ, ನಾಯಕಿಯ ಅಪ್ಪನೂ ಮಹಾಪುರುಷನೇ. ನಿಮ್ಮ ಫ್ಲೆಕ್ಸ್ ನೋಡಿ ನಮ್ಮ ಕತ್ತು ಅಷ್ಟಾಗಿ ನೋಯದಿದ್ದರೆ ಅದು ಆ ಕಾಲದ ಅಭ್ಯಾಸಬಲ.

ಆದರೆ ಈ ಕೋನ ಯಾವಾಗಲೂ ಧಣಿಯ ಮಾತು ಕೇಳುತ್ತದೆ ಎಂದು ನಂಬಬೇಡಿ. 1941ರ 'ಸಿಟಿಜನ್ ಕೇನ್'ನಲ್ಲಿ ಆರ್ಸನ್ ವೆಲ್ಸ್ ನಟಿಸಿದ ಕೇನ್ ಒಬ್ಬ ದುಡ್ಡಿನ ಕುಳ, ಚುನಾವಣೆಗೆ ನಿಲ್ಲುತ್ತಾನೆ. ಪ್ರಚಾರ ಭಾಷಣದ ಹೊತ್ತಿಗೆ ಅವನ ಬೆನ್ನ ಹಿಂದೆ ಅವನದೇ ಮುಖದ ಬೃಹತ್ ಪೋಸ್ಟರ್ ತೂಗುತ್ತಿರುತ್ತದೆ, ಅಂದರೆ ಫ್ಲೆಕ್ಸ್ ನಮ್ಮವರ ಆವಿಷ್ಕಾರವೇನಲ್ಲ. ಆಮೇಲೆ ಸೋಲುತ್ತಾನೆ. ಸೋತ ರಾತ್ರಿ ಕಚೇರಿಯಲ್ಲಿ ಗೆಳೆಯನ ಜೊತೆ ಮಾತಿಗೆ ನಿಂತಾಗ ಕ್ಯಾಮೆರಾ ಅವನ ಬೂಟಿನ ಮಟ್ಟಕ್ಕೆ ಇಳಿದಿದೆ. ಅದಕ್ಕಾಗಿ ಸೆಟ್ಟಿನ ನೆಲವನ್ನೇ ಒಡೆದು ಗುಂಡಿ ಮಾಡಿದ್ದರು. ಛಾಯಾಗ್ರಾಹಕ ಗ್ರೆಗ್ ಟೋಲ್ಯಾಂಡ್. ಸಾಮಾನ್ಯವಾಗಿ ಸೆಟ್ಟಿಗೆ ಮೇಲ್ಛಾವಣಿ ಇರುತ್ತಿರಲಿಲ್ಲ, ದೀಪ ಕಟ್ಟುವುದೇ ಅಲ್ಲಿ. ಇವರು ಬಟ್ಟೆಯಿಂದ ಛಾವಣಿ ಮಾಡಿಸಿ ಅದನ್ನೂ ಚೌಕಟ್ಟಿನೊಳಗೆ ತಂದರು. ಹಾಗಾಗಿ ಕೇನ್ ಭಾರೀ ಗಾತ್ರದಲ್ಲಿ ಕಾಣುತ್ತಾನೆ, ಜೊತೆಗೇ ತಲೆ ಛಾವಣಿಗೆ ಬಡಿಯುವಂತೆಯೂ ಕಾಣುತ್ತಾನೆ. ಅಷ್ಟು ದೊಡ್ಡ ಮನುಷ್ಯನಿಗೆ ಅಷ್ಟು ತಗ್ಗಿನ ಸೂರು! ಸೋಲನ್ನು ಕೆಳಗಿನಿಂದ ತೆಗೆದರೆ ಸೋಲೇ ದೊಡ್ಡದಾಗುತ್ತದೆ. ಅಣ್ಣನಿಗೆ ಈ ಸಿನಿಮಾ ತೋರಿಸಬೇಡಿ. ತೋರಿಸಿದರೂ ಅರ್ಧಕ್ಕೇ ನಿಲ್ಲಿಸಿ, ಪೋಸ್ಟರಿನ ದೃಶ್ಯದವರೆಗೆ.

ನಮ್ಮೂರಿನಿಂದ ಶ್ರವಣಬೆಳಗೊಳ ದೂರವಿಲ್ಲ. ಬಿಡುವಾದಾಗ ಕ್ಯಾಮೆರಾ ಹಿಡಿದು ವಿಂಧ್ಯಗಿರಿ ಹತ್ತಿ ಬನ್ನಿ. ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ನಿಲ್ಲಿಸಿದ ಗೊಮ್ಮಟ ಅಲ್ಲಿದ್ದಾನೆ, ಸುಮಾರು 57 ಅಡಿ, ಒಂದೇ ಕಲ್ಲು. ನಿಮ್ಮ ವಿದ್ಯೆಯನ್ನು ಅವನ ಮೇಲೆ ಪ್ರಯೋಗಿಸಿ ನೋಡಿ. ಪಾದದ ಹತ್ತಿರ ಮಲಗಿ ವೈಡ್ ಲೆನ್ಸ್ ಹಾಕಿದಿರೋ, ಕಾಲ್ಬೆರಳುಗಳೇ ಚಿತ್ರವನ್ನೆಲ್ಲ ತುಂಬಿಕೊಂಡು ತಲೆ ಎಲ್ಲೋ ಮೇಲೆ ಚಿಕ್ಕದಾಗಿ ಉಳಿಯುತ್ತದೆ. ಹತ್ತಿರದ್ದು ಹಿಗ್ಗುವುದು, ದೂರದ್ದು ಕುಗ್ಗುವುದು ಲೆನ್ಸಿನ ನ್ಯಾಯ, ಅದಕ್ಕೆ ತೀರ್ಥಂಕರರ ಮಗನೂ ಒಂದೇ, ವಾರ್ಡ್ ಮೆಂಬರೂ ಒಂದೇ. (ಫ್ಲೆಕ್ಸಿನಲ್ಲಿ ಅಣ್ಣನ ಚಪ್ಪಲಿ ತಲೆಗಿಂತ ದೊಡ್ಡದಿದೆ. ಗಮನಿಸಿದ್ದೀರಾ? ಮುಂದಿನ ಸಲ ಸೊಂಟದಿಂದ ಮೇಲಕ್ಕೆ ಕತ್ತರಿಸಿ.) ಎದುರಿನ ಚಂದ್ರಗಿರಿಗೆ ಹೋಗಿ ಉದ್ದದ ಲೆನ್ಸಿನಲ್ಲಿ ನೋಡಿದರೆ ಗೋಡೆಗಳ ಮೇಲೆ ಅವನ ಮುಖ, ಭುಜ ಕಾಣುತ್ತವೆ, ಅಷ್ಟು ದೂರದಿಂದಲೂ ದೊಡ್ಡವನಾಗಿಯೇ. ಮಹಾಮಸ್ತಕಾಭಿಷೇಕದ ಕಾಲಕ್ಕೆ ಬೆನ್ನ ಹಿಂದೆ ಅಟ್ಟಣಿಗೆ ಕಟ್ಟುತ್ತಾರೆ. 2018ರಲ್ಲೂ ಕಟ್ಟಿದ್ದರು. ಕ್ಯಾಮೆರಾದವರು ಅದನ್ನು ಹತ್ತಿ ಮೇಲಿನಿಂದ ತೆಗೆದ ಚಿತ್ರಗಳನ್ನೂ ನೋಡಿ. ಮೇಲಿನಿಂದ ತೆಗೆದರೂ ಅವನು ಚಿಕ್ಕವನಾಗುವುದಿಲ್ಲ.

ಇನ್ನೊಂದು ಸಂಗತಿ. ಗೊಮ್ಮಟ ಗದ್ದ ಮೇಲೆತ್ತಿಲ್ಲ. ಗೆದ್ದದ್ದನ್ನೆಲ್ಲ ಬಿಟ್ಟುಬಂದು, ಮೈಮೇಲೆ ನೂಲೂ ಇಲ್ಲದೆ, ನೇರ ನಿಂತಿದ್ದಾನೆ. ಹನ್ನೆರಡನೆಯ ಶತಮಾನದಲ್ಲಿ ಬೊಪ್ಪಣ ಎಂಬ ಕವಿ ಅದೇ ಬೆಟ್ಟದ ಶಾಸನದಲ್ಲಿ ಅವನನ್ನು ಹೊಗಳುತ್ತಾ ಒಂದು ಲೆಕ್ಕ ಹಾಕುತ್ತಾನೆ: ತೀರಾ ಎತ್ತರವಿದ್ದರೆ ಚೆಲುವು ಇರುವುದಿಲ್ಲ, ಎರಡೂ ಇದ್ದರೆ ಮಹಿಮೆ ಇರುವುದಿಲ್ಲ, ಇವನಲ್ಲಿ ಮೂರೂ ಇವೆ ಎಂದು. ನಿಮ್ಮ ಫ್ಲೆಕ್ಸ್ ಮೊದಲನೆಯದನ್ನು ಸಾಧಿಸಿದೆ. ಎರಡನೆಯದಕ್ಕೆ ಫೋಟೋಶಾಪ್ ಇದೆ. ಮೂರನೆಯದಕ್ಕೆ ಶುಭ ಕೋರುವವರಿದ್ದಾರೆ.

ಮದುವೆ ಮನೆಯಲ್ಲಿ ನೀವು ಮಾಡುವುದನ್ನು ಹೆಚ್ಚು ಎಳೆಯುವುದಿಲ್ಲ. ನಮ್ಮ ಅಕ್ಕನ ಮಗಳ ಧಾರೆಯ ಹೊತ್ತಿಗೆ ನೀವು ಮಂಟಪದ ಅಂಚಿಗೆ ಅಂಗಾತ ಮಲಗಿದ್ದಿರಿ. ಹಿಂದಿನಿಂದ ನಾವು ಎಸೆದ ಅಕ್ಷತೆಯೆಲ್ಲ ನಿಮ್ಮ ಎದೆಯ ಮೇಲೆ ಬಿತ್ತು. ವಧೂವರರಿಗೆ ಸಲ್ಲಬೇಕಾದ ಆಶೀರ್ವಾದದಲ್ಲಿ ಅರ್ಧಪಾಲು ನಿಮಗೆ ಸಂದಿದೆ, ಸುಖವಾಗಿರಿ.

ನೀವು ಬಗ್ಗುವುದರ ಬಗ್ಗೆ ನನ್ನ ತಕರಾರಿಲ್ಲ. ಬಗ್ಗಿದವರಲ್ಲಿ ದೊಡ್ಡವರಿದ್ದಾರೆ. ಜಪಾನಿನ ನಿರ್ದೇಶಕ ಯಾಸುಜಿರೊ ಓಜು ಜೀವಮಾನದ ಬಹುಪಾಲು ಕ್ಯಾಮೆರಾವನ್ನು ನೆಲದ ಹತ್ತಿರವೇ ಇಟ್ಟುಕೊಂಡಿದ್ದ, ಅದಕ್ಕೆಂದೇ ಗಿಡ್ಡ ಸ್ಟ್ಯಾಂಡ್ ಮಾಡಿಸಿದ್ದ. ಆದರೆ ಮೂತಿಯನ್ನು ಮೇಲಕ್ಕೆತ್ತುತ್ತಿರಲಿಲ್ಲ, ನೇರಕ್ಕೆ ಇಡುತ್ತಿದ್ದ. 1953ರ 'ಟೋಕಿಯೊ ಸ್ಟೋರಿ'ಯಲ್ಲಿ ಚಾಪೆಯ ಮೇಲೆ ಕೂತ ಮುದಿ ಗಂಡ ಹೆಂಡತಿಯ ಎದುರು ಕ್ಯಾಮೆರಾವೂ ಚಾಪೆಯ ಮೇಲೆ ಕೂತಂತಿದೆ. ಅಲ್ಲಿ ಯಾರೂ ದೊಡ್ಡವರಾಗುವುದಿಲ್ಲ, ಯಾರೂ ಚಿಕ್ಕವರಾಗುವುದಿಲ್ಲ. ರಷ್ಯಾದ ಛಾಯಾಗ್ರಾಹಕ ರೊಡ್‌ಚೆಂಕೊ ಇನ್ನೊಂದು ತರದವನು. ಹೊಕ್ಕುಳ ಮಟ್ಟದಲ್ಲಿ ಕ್ಯಾಮೆರಾ ಹಿಡಿದು ಎಲ್ಲವನ್ನೂ ಒಂದೇ ಸಮನೆ ತೆಗೆಯುವವರ ಮೇಲೆ 1928ರಲ್ಲಿ ಜಗಳಕ್ಕೇ ಬಿದ್ದವನು, ಮೇಲಿನಿಂದ ನೋಡಿ, ಕೆಳಗಿನಿಂದ ನೋಡಿ ಎಂದವನು. ಕೆಳಗಿನಿಂದ ಅವನು ತೆಗೆದದ್ದು ಯಾರನ್ನು? 1930ರಲ್ಲಿ ಪಯೋನಿಯರ್ ಎಂಬ ಮಕ್ಕಳ ಸಂಘಟನೆಯ ಒಬ್ಬ ಶಾಲಾ ವಯಸ್ಸಿನ ಹುಡುಗಿಯನ್ನು, ಗದ್ದದ ಕೆಳಗಿನಿಂದ, ಚೌಕಟ್ಟು ತುಂಬ. ಅದರ ಫಲವಾಗಿ ಬಿರುದು ಸಿಗಲಿಲ್ಲ, ರೂಪವಾದಿ ಎಂಬ ಆಪಾದನೆ ಸಿಕ್ಕಿತು. ನಾಯಕರನ್ನು ಕೆಳಗಿನಿಂದ ತೆಗೆದರೆ ದೇಶಸೇವೆ, ಹುಡುಗಿಯನ್ನು ತೆಗೆದರೆ ಅಧಿಕಪ್ರಸಂಗ. ನೀವು ಲೋಕಾನುಭವಿಗಳು, ಈ ತಪ್ಪು ಮಾಡುವವರಲ್ಲ.

ಇಲ್ಲೇ ಆಗುಂಬೆಯ ಮಳೆಗಾಡಿನಲ್ಲಿ ಕಪ್ಪೆಯ ಎದುರು ಕೆಸರಿನಲ್ಲಿ ಬೋರಲು ಮಲಗುವ ಹುಡುಗರಿದ್ದಾರೆ. ಇಂಬಳಗಳಿಗೆ ರಕ್ತದಾನ ಮಾಡುತ್ತಾ ಕಾಯುತ್ತಾರೆ. ಕಪ್ಪೆ ಆನೆಯಂತೆ ಕಾಣಲಿ ಎಂದಲ್ಲ, ಅದರ ಕಣ್ಣಿಗೆ ಕಣ್ಣು ಸಿಗಲಿ ಎಂದು. ಪಾಪ, ಕಪ್ಪೆಯಿಂದ ಅವರಿಗೆ ಯಾವ ಕಾಂಟ್ರ್ಯಾಕ್ಟೂ ಸಿಗುವುದಿಲ್ಲ.

ಹೇಗೂ ನೀವು ದಿನವೂ ನೆಲಕ್ಕೆ ಇಳಿಯುವವರು. ಒಂದು ಸಣ್ಣ ಕೋರಿಕೆ ಇಡಬಹುದೇ? ನಿಮ್ಮ ಫ್ಲೆಕ್ಸಿನ ಬುಡದಲ್ಲೇ ಹೂವಿನ ಅಜ್ಜಿ ಕೂರುತ್ತಾಳೆ. ಫ್ಲೆಕ್ಸ್ ಬಂದಾಗಿನಿಂದ ಮಧ್ಯಾಹ್ನದ ಬಿಸಿಲು ತಪ್ಪಿತೆಂದು ಖುಷಿಯಾಗಿದ್ದಾಳೆ. ಅಣ್ಣನಿಂದ ವಾರ್ಡಿಗೆ ಆದ ಕಣ್ಣಿಗೆ ಕಾಣುವ ಉಪಕಾರ ಈ ನೆರಳು. ನೀವು ಚಪ್ಪಡಿಯ ಮೇಲೆ ಮಲಗಿದಾಗ ಕ್ಯಾಮೆರಾ ಇರುವ ಮಟ್ಟಕ್ಕಿಂತ ಎರಡು ಗೇಣು ಮೇಲೆ ಅವಳ ಮುಖ. ಅವಳೆದುರು ಕೂತು, ಮೂತಿ ಮೇಲೆತ್ತದೆ, ನೇರಕ್ಕೆ ಹಿಡಿದು ಒಂದು ಫೋಟೋ ತೆಗೆಯಿರಿ. ಹಿಂದೆ ಸರ್ಕಲ್ ಬರುತ್ತದೆ, ಗುಂಡಿ ಬರುತ್ತದೆ, ಫ್ಲೆಕ್ಸಿಗೆ ಕಟ್ಟಿದ ಸರ್ವೆ ಮರದ ಗಳುಗಳು ಬರುತ್ತವೆ, ಅಣ್ಣನ ಚಪ್ಪಲಿಯ ಅಂಚೂ ಬಂದೀತು. ಬರಲಿ ಬಿಡಿ. ಗದ್ದ ಮೇಲೆ ಎಂದು ಅವಳಿಗೆ ಹೇಳಲು ಹೋಗಬೇಡಿ. "ಫೋಟೋ ಆಮ್ಯಾಕೆ, ಮೊದ್ಲು ಒಂದ್ ಮಾರು ಹೂವ ತಗಳಪ್ಪಾ" ಎಂದು ಬಾಯಿ ಮಾಡುತ್ತಾಳೆ. ತಗೊಳ್ಳಿ.

ಆ ಫೋಟೋವನ್ನು ಯಾರೂ ದೊಡ್ಡದು ಮಾಡಿಸಿ ಸರ್ಕಲ್ಲಿನಲ್ಲಿ ನಿಲ್ಲಿಸುವುದಿಲ್ಲ, ಗೊತ್ತು. ನಿಲ್ಲಿಸಿದವುಗಳ ಆಯಸ್ಸಾದರೂ ಎಷ್ಟು? ಬೆಂಗಳೂರಿನಲ್ಲಿ 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಸಾವಿರಾರು ಫ್ಲೆಕ್ಸ್‌ಗಳು ಇಳಿದವು. ಆಮೇಲೆ ಮತ್ತೆ ಹತ್ತಿದವು, ಅದು ಬೇರೆ ಮಾತು. ನಮ್ಮೂರಿನಲ್ಲಿ ಹೈಕೋರ್ಟ್ ಬೇಕಿಲ್ಲ, ಒಂದು ಗಾಳಿಮಳೆ ಸಾಕು. ಇಳಿದ ಫ್ಲೆಕ್ಸ್ ಬಚ್ಚಲಿನ ಮರೆಯಾಗುತ್ತದೆ, ಹುಲ್ಲಿನ ಬಣವೆಯ ಹೊದಿಕೆಯಾಗುತ್ತದೆ, ದನದ ಕೊಟ್ಟಿಗೆಯ ಸೂರಾಗುತ್ತದೆ. ಹಿಂದಿನ ಅಣ್ಣ ಈಗ ನಮ್ಮ ಹಿತ್ತಲ ಕೊಟ್ಟಿಗೆಯಲ್ಲಿ ಮುಖ ಅಡಿಯಾಗಿ, ಕೈಮುಗಿದುಕೊಂಡೇ ಇದ್ದಾರೆ. ನಮ್ಮ ಹಸು ದಿನವೂ ಅವರನ್ನು ಕೆಳಗಿನಿಂದಲೇ ನೋಡುತ್ತದೆ. ಹಾಲೇನೂ ಹೆಚ್ಚಾಗಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಫೋಟೋದಲ್ಲಿ ಬರದ ಚರಂಡಿಯ ಪಕ್ಕದ ಮನೆಯವನು

ವಿ.ಸೂ.: ಕಳೆದ ಚುನಾವಣೆಯ ಲೆಕ್ಕದಲ್ಲಿ ಅಣ್ಣ ನಿಮಗೆ ಇನ್ನೂ ಬಾಕಿ ಉಳಿಸಿಕೊಂಡಿದ್ದಾರೆಂದು ಟೀ ಅಂಗಡಿಯಲ್ಲಿ ಕೇಳಿದೆ. ವಸೂಲಿಗೆ ಹೋಗುವಾಗ ಕ್ಯಾಮೆರಾವನ್ನು ಮನೆಯಲ್ಲಿಟ್ಟು ಹೋಗಿ. ಅದು ಕೈಯಲ್ಲಿದ್ದರೆ ಅಣ್ಣನನ್ನು ಕಂಡ ಕೂಡಲೇ ನಿಮ್ಮ ಮಂಡಿ ತಾನಾಗಿ ಮಡಚುತ್ತದೆ.